ತಲೆಯ ಮೇಲೆ ಸೈಕಲ್, ಬೆನ್ನ ಹಿಂದೆ ಮನೆ

ಮೊನ್ನೆ ಶನಿವಾರ ನಮ್ಮವರಿಗೆ ಗ್ಯಾರೇಜ್ ಗುಡಿಸುವ ಉತ್ಸಾಹ ಬಂತು. ಹಿಮವೆಲ್ಲ ಕರಗಿ ಮಿಶಿಗನ್ನಿನ ನಮ್ಮ ಲಿವೋನಿಯಾದ ಹುಲ್ಲು ಮತ್ತೆ ಹುಲ್ಲಿನಂತೆ ಕಾಣತೊಡಗಿದಾಗ, ವರ್ಷಕ್ಕೊಮ್ಮೆ, ಅವರಿಗೆ ಈ ಉತ್ಸಾಹ ಬರುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಬಂದ ಹಾಗೆಯೇ ಹೋಗುತ್ತದೆ. ನಡುವಿನ ಎರಡು ಮೂರು ಗಂಟೆ ನಾನು ಗ್ಯಾರೇಜಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತೇನೆ. ಇಲ್ಲದಿದ್ದರೆ ನನಗೆ ಬೇಕಾದದ್ದೆಲ್ಲ ಕಸದ ಡಬ್ಬ ಸೇರಿ, ಅವರಿಗೆ ಬೇಕಾದ ತುಕ್ಕು ಹಿಡಿದ ಸ್ಕ್ರೂಗಳು ಮಾತ್ರ ಉಳಿದುಕೊಳ್ಳುತ್ತವೆ.

"ಇದನ್ನ ಎಸೀಲಾ?" ಎಂದು ಅವರು ಮೊಳೆಗೆ ನೇತುಹಾಕಿದ್ದ ಕಪ್ಪು ರಬ್ಬರ್ ಪಟ್ಟಿಯೊಂದನ್ನು ಸತ್ತ ಹಲ್ಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಕೇಳಿದರು.

"ಅದನ್ನ ಎಸೆದ್ರೆ ನೋಡಿ!" ಎಂದೆ. ನನ್ನ ದನಿ ಪಕ್ಕದ ಮನೆಯವರ ನಾಯಿಗೂ ಕೇಳಿಸಿತು.

ಅದು ಸೈಕಲ್ಲಿನ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಮಾಡಿದ ಪಟ್ಟಿ. ನಮ್ಮ ಹೊಸದುರ್ಗದ ಕಡೆ ಕ್ಯಾರಿಯರ್ ಮೇಲೆ ಏನು ಕಟ್ಟಬೇಕಾದರೂ ಇದೇ ಗತಿ. ಹಾಲಿನ ಕ್ಯಾನು, ಹಿಂಡಿ ಮೂಟೆ, ಗ್ಯಾಸ್ ಸಿಲಿಂಡರ್, ಒಮ್ಮೊಮ್ಮೆ ಕುರಿಮರಿ, ಎಲ್ಲವೂ ಈ ಪಟ್ಟಿಯ ಹಿಡಿತದಲ್ಲಿ ಊರೂರು ಸುತ್ತಿ ಬಂದಿವೆ. ಇಲ್ಲಿನ ಅಂಗಡಿಗಳಲ್ಲಿ ತುದಿಗೆ ಕೊಕ್ಕೆ ಇರುವ ಬಣ್ಣ ಬಣ್ಣದ ಎಲಾಸ್ಟಿಕ್ ಹಗ್ಗಗಳು ಸಿಗುತ್ತವೆ. ನೋಡಲು ಚೆಂದ. ಆದರೆ ಕೊಕ್ಕೆ ಜಾರಿ ಒಮ್ಮೆ ನನ್ನ ಹಣೆಗೆ ಬಡಿದ ಮೇಲೆ ನಾನು ಅವುಗಳ ಸಹವಾಸ ಬಿಟ್ಟೆ.

ನಮ್ಮಪ್ಪ ಸಂತೆಯಿಂದ ಸಂತೆಗೆ ಬಟ್ಟೆ ಮಾರುತ್ತಿದ್ದವರು. ಅವರ ಅಂಗಡಿಯೆಂದರೆ ಅವರ ಸೈಕಲ್. ಕ್ಯಾರಿಯರ್ ಮೇಲೆ ಸೀರೆ, ಪಂಚೆ, ಟವಲ್ಲುಗಳ ಎರಡು ಗಂಟು. ಮುಂದಿನ ಅಡ್ಡ ಕಂಬಿಯ ಮೇಲೆ ನಾನು. ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತಿತ್ತಲ್ಲ, ಅವತ್ತು ನನಗೂ ಸಂತೆಯ ಭಾಗ್ಯ. ಕಂಬಿ ತೊಡೆಗೆ ಒತ್ತಿ ಕಾಲು ಜೋಮು ಹಿಡಿಯುತ್ತಿತ್ತು. ಹಿಂದೆ ಗಂಟಿನ ಮೇಲೆ ರಾಣಿಯ ಹಾಗೆ ಕೂರುತ್ತೇನೆಂದು ಒಂದು ದಿನ ಹಟ ಹಿಡಿದೆ. ಅಪ್ಪ ಬೇಡವೆನ್ನಲಿಲ್ಲ, ಕೂರಿಸಿಕೊಂಡರು. ನೂರು ಗಜ ಹೋಗುವಷ್ಟರಲ್ಲಿ ಸೈಕಲ್ಲಿನ ಹಿಂಭಾಗ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಲಾಡತೊಡಗಿತು, ಹ್ಯಾಂಡಲ್ ಅಪ್ಪನ ಕೈಯಲ್ಲಿ ನಿಲ್ಲಲಿಲ್ಲ. ಅಪ್ಪ ಬ್ರೇಕ್ ಹಿಡಿಯದೆ, ಪೆಡಲ್ ನಿಲ್ಲಿಸಿ, ಸೈಕಲ್ ತಾನಾಗಿ ನಿಧಾನವಾಗುವವರೆಗೆ ಕಾದು ಕಾಲೂರಿದರು.

"ನೋಡ್ದಾ ಗಿರ್ಜಿ? ಭಾರ ಹಿಂದಕ್ಕೆ ಹೋದ್ರೆ ಗಾಡಿ ನಮ್ಮ ಮಾತು ಕೇಳಲ್ಲ," ಎಂದರು. ನಾನು ತೆಪ್ಪಗೆ ಕಂಬಿಗೆ ವಾಪಸಾದೆ.

ಇಷ್ಟೆಲ್ಲ ಸೈಕಲ್ ಸವಾರಿ ಮಾಡಿದ ನನಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಯಾರೂ ಬೇಡವೆಂದದ್ದಲ್ಲ. ಅಪ್ಪನ ಸೈಕಲ್ಲಿಗೆ ಬಿಡುವೇ ಇರಲಿಲ್ಲ. ವಾರದಲ್ಲಿ ಆರು ದಿನ ಸಂತೆ, ಏಳನೆಯ ದಿನ ಪಂಕ್ಚರ್. ಆಮೇಲೆ ಓದು, ಮದುವೆ, ಮಿಶಿಗನ್, ಕಾರು. ನಾನು ಕಲಿತದ್ದು ಐವತ್ತಾರನೆಯ ವಯಸ್ಸಿನಲ್ಲಿ, ನಮ್ಮ ಬಡಾವಣೆಯ ರಸ್ತೆ ಕೊನೆಯಾಗುವ ದುಂಡು ಜಾಗದಲ್ಲಿ. ಗುರು ನನ್ನ ಮಗಳು ಅನಘಾ. ಶಿಕಾಗೋದಲ್ಲಿ ಕೆಲಸದಲ್ಲಿರುವ ಅವಳು ಆ ಬೇಸಿಗೆ ಒಂದು ತಿಂಗಳು ಮನೆಗೆ ಬಂದಿದ್ದಳು. ನಾನು ಕನ್ನಡದಲ್ಲಿ ಕಿರುಚುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

"ಅನು, ಬಿಡ್ಬೇಡ ಕಣೇ, ಬಿಡ್ಬೇಡ!"

"ಅಮ್ಮಾ, ಲುಕ್ ಅಹೆಡ್! ನಾಟ್ ಎಟ್ ದ ವೀಲ್!"

ರಸ್ತೆ ಬದಿಗೆ ನೆಟ್ಟಿದ್ದ ಎದುರು ಮನೆಯವರ ಮೇಲ್‌ಬಾಕ್ಸಿಗೆ ಮೂರು ಸಲ ಗುದ್ದಿದೆ. ಮೂರನೆಯ ಸಲ ಆ ಮನೆಯಾಕೆ ಹೊರಗೆ ಬಂದು ನಿಂಬೆ ಪಾನಕ ಕೊಟ್ಟಳು. ತಿಂಗಳ ಕೊನೆಗೆ ಸೈಕಲ್ ಓಡಿಸುವುದು ಬಂತು. ಚೆನ್ನಾಗಿ ನಿಲ್ಲಿಸುವುದು ಮಾತ್ರ ಇವತ್ತಿಗೂ ಅಷ್ಟಕ್ಕಷ್ಟೆ.

ಈ ಸುದ್ದಿಯನ್ನು ನಾನು ವಿಡಿಯೋ ಕಾಲಿನಲ್ಲಿ ಸರೋಜಾ ಅತ್ತಿಗೆಗೆ ಹೇಳಿದೆ. ಅತ್ತಿಗೆ ನಮ್ಮವರ ಅಕ್ಕ, ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿದ್ದಾರೆ. ಅವರು ನಕ್ಕ ನಗೆಗೆ ಅವರ ಕನ್ನಡಕ ಜಾರಿತು.

"ಈ ವಯಸ್ಸಲ್ಲಿ ಸೈಕಲ್ಲಾ? ಬಿದ್ದು ಸೊಂಟ ಮುರ್ಕೊಂಡ್ರೆ ನನ್ನ ತಮ್ಮ ತಾನೇ ಅನ್ನ ಬೇಯಿಸ್ಬೇಕು! ಬೇಡ ಕಣೇ ಗಿರಿಜಾ, ನಮಗೆಲ್ಲ ಯಾಕೆ ಅದು."

ನಾನೂ ನಕ್ಕೆ. ಆದರೆ ಫೋನ್ ಇಟ್ಟ ಮೇಲೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅತ್ತಿಗೆಯ ಕಣ್ಣೆದುರಿಗೆ ಒಂದು ಸಲ, ಒಂದೇ ಒಂದು ಸಲ, ನೆಟ್ಟಗೆ ಕೂತು ಸೈಕಲ್ ತುಳಿದು ತೋರಿಸಬೇಕೆಂಬ ಆಸೆ ಅವತ್ತಿನಿಂದ ನನ್ನನ್ನು ಬಿಡಲಿಲ್ಲ. ಆ ವರ್ಷಕ್ಕೆ ನನಗೆ ಅದಕ್ಕಿಂತ ದೊಡ್ಡ ಆಸೆ ಬೇರೊಂದಿರಲಿಲ್ಲ.

ಅವಕಾಶ ಕಳೆದ ಜುಲೈನಲ್ಲಿ ಬಂತು. ನಮ್ಮವರು ವಸಂತದಲ್ಲೇ ಒಂದು ಹಳೆಯ ಕ್ಯಾರವಾನ್ ಕೊಂಡಿದ್ದರು. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಲಿ ಮನೆ. ಇಲ್ಲಿ ಎಲ್ಲರೂ ಅದಕ್ಕೆ ಟ್ರೇಲರ್ ಅನ್ನುತ್ತಾರೆ. ಮುಂದೆ ಹಾಸಿಗೆ, ನಡುವೆ ಮೇಜು, ಕಟ್ಟಕಡೆಗೆ ಪುಟ್ಟ ಅಡುಗೆಮನೆ. ಶಿಕಾಗೋದ ಉತ್ತರಕ್ಕೆ ಸರೋವರದ ದಡದ ಕ್ಯಾಂಪ್‌ಗ್ರೌಂಡಿನಲ್ಲಿ ನಾವು ಟ್ರೇಲರ್ ನಿಲ್ಲಿಸುವುದು, ಅತ್ತಿಗೆಯ ಮನೆಯವರೆಲ್ಲ ಅಲ್ಲೇ ಮರದ ಪುಟ್ಟ ಕ್ಯಾಬಿನ್ ಬಾಡಿಗೆ ಹಿಡಿಯುವುದು ಎಂದು ನಿಶ್ಚಯವಾಯಿತು. ಅತ್ತಿಗೆ ಫೋನಿನಲ್ಲಿ, "ನೀನು ಸೈಕಲ್ ತರ್ತೀಯೋ ಬಿಡ್ತೀಯೋ, ದೋಸೆ ಮಾತ್ರ ನಿಂದೇ," ಎಂದರು.

ಇಲ್ಲಿ ನನ್ನ ಇನ್ನೊಂದು ದೌರ್ಬಲ್ಯ ಹೇಳಬೇಕು. ಅಂಗಡಿಯ ದೋಸೆ ಹಿಟ್ಟನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಮಿಕ್ಸಿಯ ಹಿಟ್ಟೂ ಅಷ್ಟೆ. ಕಲ್ಲಿನ ಗ್ರೈಂಡರಿನಲ್ಲಿ ರುಬ್ಬಿದ್ದೇ ದೋಸೆ, ಉಳಿದದ್ದೆಲ್ಲ ಕಾಗದ. ಹಾಗೆಂದು ರುಬ್ಬಿಕೊಂಡು ಒಯ್ಯುವಂತೆಯೂ ಇಲ್ಲ. ಹಿಂದೊಮ್ಮೆ ನೇಪರ್‌ವಿಲ್‌ಗೆ ಒಯ್ದ ಹಿಟ್ಟು ಅರ್ಧ ದಾರಿಯ ಕಲಮಜೂ ದಾಟುವಷ್ಟರಲ್ಲಿ ಹುಳಿಬಂದು ಉಕ್ಕಿ ಡಬ್ಬದ ಮುಚ್ಚಳ ಎಗರಿಸಿತ್ತು. ಆ ಕಾರನ್ನು ಮಾರುವಾಗಲೂ ಅದರಲ್ಲಿ ಹುಳಿ ಹಿಟ್ಟಿನ ವಾಸನೆ ಇತ್ತು.

ಇರಲಿ. ಮೊದಲು ಸೈಕಲ್ಲುಗಳ ಪ್ರಶ್ನೆ. ಕಾರಿನ ಹಿಂದೆ ಸೈಕಲ್ ಕಟ್ಟುವ ಜಾಗವನ್ನು ಟ್ರೇಲರಿನ ಕೊಂಡಿ ಹಿಡಿದುಕೊಂಡಿತ್ತು. ಟ್ರೇಲರಿನ ಒಳಗಿಟ್ಟರೆ ನಾವು ಹೊರಗೆ ಮಲಗಬೇಕು. ಉಳಿದದ್ದು ಕಾರಿನ ತಲೆ. ರೂಫಿನ ಮೇಲೆ ಎರಡು ಸೈಕಲ್ ರ‍್ಯಾಕುಗಳು ಇದ್ದೇ ಇದ್ದವು. ಆದರೆ ಆ ಮಾತೆತ್ತಿದರೆ ನಮ್ಮವರ ಮುಖ ಕೆಂಪಾಗುತ್ತಿತ್ತು. ಎರಡು ವರ್ಷದ ಹಿಂದೆ ಅವರು ತಮ್ಮ ಸೈಕಲ್ ಮೇಲಿರುವುದನ್ನು ಮರೆತು ಸೀದಾ ಗ್ಯಾರೇಜಿಗೆ ಕಾರು ನುಗ್ಗಿಸಿದ್ದರು. ಹ್ಯಾಂಡಲ್ ಸೊಟ್ಟಗಾಯಿತು, ಬಾಗಿಲಿನ ಚೌಕಟ್ಟು ಸೀಳಿತು, ರ‍್ಯಾಕಿನ ಒಂದು ಪಟ್ಟಿ ತುಂಡಾಯಿತು. "ಏನಾದ್ರೂ ಮಾಡು, ರೂಫ್ ಮಾತ್ರ ಬೇಡ," ಎನ್ನುವುದು ಅವರ ಶಾಶ್ವತ ಆದೇಶ.

ಆಗ ನಾವು ಹೋದದ್ದು ಹತ್ತಿರದ ವಿಕ್ಸಮ್‌ನಲ್ಲಿ ಟ್ರೇಲರ್ ರಿಪೇರಿಯ ಅಂಗಡಿ ಇಟ್ಟಿರುವ ದಸ್ತಗೀರ್ ಅವರ ಹತ್ತಿರ. ಹುಬ್ಬಳ್ಳಿಯವರು. ಟ್ರೇಲರಿನ ಕೆಳಗೆ ಮಲಗಿ, ಚಾಸಿಗೆ ಗಟ್ಟಿಯಾಗಿ ಕಬ್ಬಿಣ ಬೆಸೆದು, ಬೆನ್ನಿಗೆ ಒಂದು ಸೈಕಲ್ ಸ್ಟ್ಯಾಂಡ್ ಕೂರಿಸಿಕೊಟ್ಟರು. ಎದ್ದು ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ ಹೇಳಿದರು:

"ಅಕ್ಕಾರ, ಒಂದು ಮಾತು ತಲ್ಯಾಗ ಇಟ್ಕೋರಿ. ಟ್ರೇಲರ್‌ನ್ಯಾಗ ಭಾರ ಯಾವಾಗ್ಲೂ ಮುಂದ ಇರಬೇಕು. ಹಿಂದ ಸೈಕಲ್ ಹಾಕೀವಿ ಅಂದ್ರ ಹಿಂದಿನ ಅಡಗಿ ಕಪಾಟು ಖಾಲಿ ಬಿಡ್ರಿ. ಒಂದು ಲೋಟಾ ಸುದ್ದಾ ಇಡಬ್ಯಾಡ್ರಿ."

ನಾನು ತಲೆಯಾಡಿಸಿದೆ. ನಮ್ಮಪ್ಪನೂ ಇದನ್ನೇ ಹೇಳಿದ್ದರೆಂಬುದು ಆಗ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಒಂದೇ: ಹನ್ನೆರಡು ಜನಕ್ಕೆ ದೋಸೆ.

ಹೊರಡುವ ದಿನ ಬೆಳಿಗ್ಗೆ ನಮ್ಮವರು ಎಲ್ಲ ಕಪಾಟುಗಳನ್ನೂ ತೆರೆದು ನೋಡಿ, ಸಮಾಧಾನಪಟ್ಟು, ಸ್ನಾನಕ್ಕೆ ಹೋದರು. ಆ ಹದಿನೈದು ನಿಮಿಷದಲ್ಲಿ ನಾನು ಗ್ರೈಂಡರನ್ನು ಕಲ್ಲಿನ ಸಮೇತ ಅಪ್ಪಿಕೊಂಡು ತಂದು ಹಿಂದಿನ ಕಪಾಟಿಗೆ ಸೇರಿಸಿದೆ. ಒಂಟಿ ಗ್ರೈಂಡರಿನಿಂದ ಪ್ರಯೋಜನವಿಲ್ಲವಲ್ಲ, ಇಪ್ಪತ್ತು ಪೌಂಡಿನ ಅಕ್ಕಿ ಚೀಲ, ಉದ್ದಿನ ಬೇಳೆ, ಎಂಟು ತೆಂಗಿನಕಾಯಿ, ಎರಡು ಕಬ್ಬಿಣದ ಕಾವಲಿಗಳನ್ನೂ ಜೊತೆಗಿಟ್ಟೆ. ಮೇಲೊಂದು ಬೆಡ್‌ಶೀಟ್ ಹೊದಿಸಿದೆ. ಅವರು ತಲೆ ಒರೆಸಿಕೊಳ್ಳುತ್ತ ಬಂದಾಗ ನಾನು ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದೆ.

ಜಾಕ್ಸನ್ ದಾಟುವವರೆಗೆ ಎಲ್ಲವೂ ಚೆನ್ನಾಗಿತ್ತು. ಕನ್ನಡಿಯಲ್ಲಿ ನಮ್ಮ ಮನೆ ನಮ್ಮ ಹಿಂದೆಯೇ ಬರುತ್ತಿತ್ತು. ಅಷ್ಟರಲ್ಲಿ ಹದಿನೆಂಟು ಚಕ್ರದ ಟ್ರಕ್ಕೊಂದು ಭರ್ರೆಂದು ನಮ್ಮನ್ನು ದಾಟಿತು. ಅದರ ಗಾಳಿಗೆ ಟ್ರೇಲರಿನ ಬಾಲ ಬಲಕ್ಕೆ ವಾಲಿತು, ಆಮೇಲೆ ಎಡಕ್ಕೆ, ಮತ್ತೆ ಇನ್ನೂ ಜೋರಾಗಿ ಬಲಕ್ಕೆ. ಕಾರಿನ ಹಿಂಭಾಗವನ್ನೇ ಯಾರೋ ಹಿಡಿದು ಅಲುಗಾಡಿಸಿದಂತೆ. ಹೆದರಿಕೆಗಿಂತ ಮೊದಲು ನನಗೆ ಆ ಓಲಾಟದ ಗುರುತು ಹತ್ತಿತು. ಗಂಟಿನ ಮೇಲೆ ಕೂತ ಹುಡುಗಿಯ ಸೊಂಟಕ್ಕೆ ಗೊತ್ತಿದ್ದ ಓಲಾಟ ಅದು.

"ಬ್ರೇಕ್ ಹಾಕ್ಬೇಡಿ!" ಎಂದು ಕೂಗಿದೆ. "ಆಕ್ಸಿಲರೇಟರ್ ಬಿಡಿ, ಬರೀ ನೆಟ್ಟಗೆ ಹಿಡ್ಕೊಳ್ಳಿ!"

ಅವರು ಹಾಗೇ ಮಾಡಿದರು. ಬಾಲ ನಾಲ್ಕೈದು ಸಲ ಬೀಸಿ, ಮುನಿಸು ಇಳಿದಂತೆ ಮೆಲ್ಲಗೆ ಸುಮ್ಮನಾಯಿತು. ಹೆದ್ದಾರಿ ಬದಿಯ ಮುಂದಿನ ರೆಸ್ಟ್ ಏರಿಯಾದಲ್ಲಿ ಗಾಡಿ ನಿಲ್ಲಿಸಿದೆವು. ನಮ್ಮವರು ಸ್ಪೀಕರ್ ಹಾಕಿ ದಸ್ತಗೀರ್ ಅವರಿಗೆ ಫೋನ್ ಮಾಡಿದರು.

"ಸರ, ಹಿಂದಿನ ಕಪಾಟಿನ್ಯಾಗ ಏನೈತಿ?"

"ಏನೂ ಇಲ್ಲ ಕಣ್ರೀ. ಖಾಲಿ. ಬೆಳಿಗ್ಗೆ ನಾನೇ ನೋಡಿದೀನಿ."

"ಹಂಗಾರ ಸೈಕಲ್ದ ಭಾರಾನ ತಡೀವಲ್ದು. ಇಳಸ್ರಿ. ಎಲ್ಲ್ಯಾರ ಇಟ್ಟು ಹೋಗ್ರಿ."

ನಮ್ಮವರು ನನ್ನ ಕಡೆ ನೋಡಿ, "ಕಲಮಜೂನಲ್ಲಿ ನಮ್ಮ ನಾಗರಾಜ್ ಮನೆ ಇದೆಯಲ್ಲ, ಅವನ ಗ್ಯಾರೇಜಲ್ಲಿ ಬಿಟ್ಟು ಹೋಗೋಣ ಗಿರಿಜಾ. ಬರ್ತಾ ತಗೊಂಡು ಬರೋಣ," ಎಂದರು. ಪಾಪ, ಬಹಳ ಮೆತ್ತಗೆ ಹೇಳಿದರು. ನನಗೆ ಬೇಜಾರಾಗುತ್ತದೆಂದು ಅವರಿಗೆ ಗೊತ್ತಿತ್ತು.

ನಾನು ಟ್ರೇಲರಿನ ಬೆನ್ನಿಗೆ ಕಟ್ಟಿದ್ದ ನನ್ನ ನೀಲಿ ಸೈಕಲನ್ನು ನೋಡಿದೆ. ಅದರ ತಪ್ಪೇನೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು, ದೋಸೆಯೂ ಉಳಿಯುತ್ತಿತ್ತು. ಸೈಕಲ್ ನಾಗರಾಜನ ಗ್ಯಾರೇಜಿನಲ್ಲಿ ಗೋಡೆಗೊರಗಿ ನಿಲ್ಲುತ್ತಿತ್ತು. ಅತ್ತಿಗೆ, "ನಾನು ಹೇಳ್ಲಿಲ್ವಾ, ನಮಗೆಲ್ಲ ಯಾಕೆ ಅದು," ಎನ್ನುತ್ತಿದ್ದರು. ಅದೂ ಅಲ್ಲದೆ, ಸೈಕಲ್ ಇಳಿಸಿದ ಮೇಲೂ ಕಪಾಟು ತುಂಬಿಯೇ ಇರುತ್ತಿತ್ತು, ಇನ್ನೊಂದು ಟ್ರಕ್ ಬಂದರೆ ದೇವರೇ ಗತಿ.

"ರೀ, ಕಪಾಟು ಖಾಲಿ ಇಲ್ಲ."

"ಏನಿದೆ?"

"ಗ್ರೈಂಡರ್."

ಫೋನಿನಿಂದ ದಸ್ತಗೀರ್ ಅವರ ದನಿ ಬಂತು. "ಯಾ ಗ್ರೈಂಡರ್ ಅಕ್ಕಾರ? ಕಲ್ಲಿಂದೇನು?"

"ಹೂಂ."

"ಯಪ್ಪಾ! ಮತ್ತೇನೈತಿ?"

ನಾನು ಒಂದೊಂದಾಗಿ ಒಪ್ಪಿಸಿದೆ. ಅಕ್ಕಿಗೆ ಬಂದಾಗ ನಮ್ಮವರು ಕಣ್ಣುಬಿಟ್ಟರು, ತೆಂಗಿನಕಾಯಿಗೆ ಬಂದಾಗ ಕೂತರು. "ನಮ್ಮ ದೇಶದ ಅಂಗಡಿಗಳೇ ತುಂಬಿರೋ ಡೆವನ್ ಅವೆನ್ಯೂ ಇರೋ ಊರಿಗೆ ಇಪ್ಪತ್ತು ಪೌಂಡ್ ಅಕ್ಕಿ ತಗೊಂಡು ಹೋಗ್ತಿದೀಯಾ ನೀನು?"

"ಅಲ್ಲಿ ನಮ್ಮ ಅಕ್ಕಿ ಸಿಗುತ್ತೋ ಇಲ್ವೋ ಅಂತ..." ನನ್ನ ಮಾತು ನನಗೇ ಹಿಡಿಸಲಿಲ್ಲ. ನಿಲ್ಲಿಸಿದೆ.

ದಸ್ತಗೀರ್ ಅವರು ಚೆನ್ನಾಗಿ ನಕ್ಕು ಮುಗಿಸಿ ಹೇಳಿದರು: "ಸಾಮಾನೆಲ್ಲಾ ಕಾರಿಗೆ ಹಾಕ್ರಿ. ಆದ್ರ ಒಮ್ಮೆ ಓಲಾಡಿದ ಗಾಡಿ, ಹಿಂದ ಸೈಕಲ್ ಮತ್ತ ಬ್ಯಾಡ. ನಿಮ್ಮ ಕಾರಿನ ತಲಿಮ್ಯಾಲೆ ರ‍್ಯಾಕ್ ಐತೆಲ್ಲಾ, ಅದೇನು ಗುಬ್ಬಿ ಕೂಡಾಕ ಐತೇನ್ರೀ?"

"ರೂಫ್ ಬೇಡ," ಎಂದರು ನಮ್ಮವರು ತಕ್ಷಣ.

ನಾನು ಅವರ ಕೈ ಹಿಡಿದು ಟ್ರೇಲರಿನ ಪಕ್ಕ ನಿಲ್ಲಿಸಿದೆ. "ನೋಡಿ, ಕಾರಿನ ಮೇಲೆ ಸೈಕಲ್ ನಿಲ್ಸಿದ್ರೂ ಈ ಮನೆ ಅದಕ್ಕಿಂತ ಎತ್ತರ ಇದೆ. ಇದು ತೂರೋ ಕಡೆ ಸೈಕಲ್ಲೂ ತೂರುತ್ತೆ. ಇದನ್ನ ಎಳ್ಕೊಂಡು ಯಾವ ಗ್ಯಾರೇಜಿಗೆ ನುಗ್ತೀರಾ?"

ಅವರು ಮೇಲೆ ನೋಡಿದರು, ಕೆಳಗೆ ನೋಡಿದರು. "ವಾಪಸ್ ಬಂದ್ಮೇಲೆ? ಟ್ರೇಲರ್ ಬಿಚ್ಚಿದ್ಮೇಲೆ?" ಎಂದರು ಕೊನೆಯದಾಗಿ.

ನಾನು ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ "ತಲೆ ಮೇಲೆ ಸೈಕಲ್ ಇದೆ" ಎಂದು ಬರೆದೆ. ಟೇಪ್ ಇರಲಿಲ್ಲ. ಬ್ಯಾಗಿನಲ್ಲಿದ್ದ ಬಿಂದಿ ಪ್ಯಾಕೆಟ್ಟಿನಿಂದ ನಾಲ್ಕು ಬಿಂದಿ ತೆಗೆದು ನಾಲ್ಕು ಮೂಲೆಗೆ ಒತ್ತಿ, ಸ್ಟೀರಿಂಗಿನ ಪಕ್ಕ ಅಂಟಿಸಿದೆ.

ಆಮೇಲಿನ ಅರ್ಧ ಗಂಟೆ ನನ್ನದು. ಟ್ರೇಲರಿನ ಮೆಟ್ಟಿಲು ಸ್ಟೂಲಿನ ಮೇಲೆ ನಿಂತು, ಐದಡಿಯ ನಾನು ಸೈಕಲ್ಲಿನ ಮುಂದಿನ ಚಕ್ರ ಹಿಡಿದೆ, ಅವರು ಹಿಂದಿನದು. ನನ್ನ ಸೈಕಲ್ ಕೂತ ರ‍್ಯಾಕಿನಲ್ಲೇ ಆ ತುಂಡಾದ ಪಟ್ಟಿ. ನಮ್ಮವರ ಮುಖ ಸಪ್ಪಗಾಯಿತು. ನಾನು ಬ್ಯಾಗಿನ ತಳದಿಂದ ನನ್ನ ರಬ್ಬರ್ ಪಟ್ಟಿ ಹೊರತೆಗೆದೆ. ನನ್ನ ಸೈಕಲ್ಲಿನ ಮೊದಲ ಪಂಕ್ಚರ್ ಟ್ಯೂಬನ್ನು ಎಸೆಯಲು ಮನಸ್ಸಾಗದೆ ಸೀಳಿಟ್ಟುಕೊಂಡದ್ದು. ಎರಡು ಸುತ್ತು ಬಿಗಿದು, ಮೂರನೆಯದನ್ನು ಎಳೆದು ಎಳೆದು ತೆಳ್ಳಗಾಗಿಸಿ, ತುದಿಯನ್ನು ಸುತ್ತಿನ ಅಡಿಗೆ ತೂರಿಸಿದೆ. ಯಾರೂ ನನಗೆ ಇದನ್ನು ಕಲಿಸಿರಲಿಲ್ಲ. ಪ್ರತಿ ಶನಿವಾರ ಅಪ್ಪನ ಕೈ ನೋಡುತ್ತ ನಿಂತಿದ್ದೆ, ಅಷ್ಟೆ. ಕೈಗೆ ಅದೆಲ್ಲ ಗೊತ್ತಿತ್ತು.

ನಮ್ಮವರು ತಮ್ಮ ಸಮಾಧಾನಕ್ಕೆ ಮೇಲೊಂದು ನೈಲಾನ್ ಬೆಲ್ಟನ್ನೂ ಬಿಗಿದರು. ನಾನು ಬೇಡವೆನ್ನಲಿಲ್ಲ. ಆಮೇಲೆ ಸೈಕಲ್ ಹಿಡಿದು ಜೋರಾಗಿ ಅಲುಗಾಡಿಸಿದರು. ಸೈಕಲ್ ಅಲುಗಲಿಲ್ಲ, ಇಡೀ ಕಾರು ಅಲುಗಿತು. "ಭೇಷ್," ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಅಡುಗೆಗೆ ಬಿಟ್ಟು ಬೇರೆ ಯಾವುದಕ್ಕೂ ಅವರು ಆ ಮಾತು ಹೇಳಿದ್ದು ನೆನಪಿಲ್ಲ. ಗ್ರೈಂಡರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಸೀಟ್‌ಬೆಲ್ಟ್ ಹಾಕಿದೆವು.

ಅಲ್ಲಿಂದ ಮುಂದೆ ಎಷ್ಟು ಟ್ರಕ್ಕುಗಳು ದಾಟಿದವೋ! ಪ್ರತಿ ಸಲವೂ ನಾನು ಕನ್ನಡಿ ನೋಡಿದೆ. ಟ್ರೇಲರ್ ಸಾಕಿದ ಎಮ್ಮೆಯ ಹಾಗೆ ಹಿಂದೆ ಬರುತ್ತಿತ್ತು. ಕ್ಯಾಂಪ್‌ಗ್ರೌಂಡಿನ ಗೇಟು ಹೊಕ್ಕಾಗ ತಲೆಯ ಮೇಲೆ ಸೈಕಲ್, ಬೆನ್ನ ಹಿಂದೆ ಮನೆ, ಪಕ್ಕದಲ್ಲಿ ಗಂಡ. ನನ್ನ ಜಂಬಕ್ಕೆ ಮಿತಿಯಿರಲಿಲ್ಲ.

ಬಂದಿಳಿದ ಕೂಡಲೇ ಅಕ್ಕಿ, ಉದ್ದು ನೆನೆಹಾಕಿ, ಸಂಜೆ ಟ್ರೇಲರಿನ ಕರೆಂಟಿನಲ್ಲಿ ಹಿಟ್ಟು ರುಬ್ಬಿದೆ. ಬೆಳಿಗ್ಗೆ ಅದು ಉಬ್ಬಿ ಡಬ್ಬದ ಕಂಠಕ್ಕೆ ಬಂದಿತ್ತು. ಅತ್ತಿಗೆಯ ಕ್ಯಾಬಿನ್ ಅರ್ಧ ಮೈಲಿ ದೂರ. "ತಾ, ಕಾರಲ್ಲಿ ತಗೊಂಡು ಹೋಗ್ತೀನಿ," ಎಂದು ನಮ್ಮವರು ಬೀಗದ ಕೈ ತೆಗೆದರು. ನಾನು ಡಬ್ಬವನ್ನು ನನ್ನ ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿಟ್ಟೆ. ಮುಂದಿನ ಬುಟ್ಟಿಯಲ್ಲೇ. ರಬ್ಬರ್ ಪಟ್ಟಿಯಲ್ಲಿ ಎರಡು ಸುತ್ತು ಬಿಗಿದೆ.

ಬಲಗಡೆ ಸರೋವರ, ಎಡಗಡೆ ಟೆಂಟುಗಳಿಂದ ಕಾಫಿಯ ವಾಸನೆ. ಚಕ್ರ ನೋಡದೆ ಮುಂದೆ ನೋಡಿದೆ. ಕ್ಯಾಬಿನ್ ಕಂಡಿತು. ಹೊರಗೆ ಒಲೆ ಹಚ್ಚಿಕೊಂಡು, ಸೌಟು ಕೈಯಲ್ಲಿ ಹಿಡಿದು ಅತ್ತಿಗೆ ನಿಂತಿದ್ದರು. ಶಿಕಾಗೋದಿಂದ ಬಂದಿದ್ದ ಅನಘಾ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಬೆಲ್ ಬಾರಿಸಿದೆ.

"ಅಯ್ಯೋ, ಗಿರಿಜಾ! ಬೀಳ್ತೀಯಾ ಕಣೇ!" ಎಂದರು ಅತ್ತಿಗೆ.

"ಗೋ, ಅಮ್ಮಾ, ಗೋ!" ಎಂದು ಅನಘಾ ಎದ್ದು ನಿಂತಳು.

ನಾನು ಬೀಳಲಿಲ್ಲ. ನೆಟ್ಟಗೆ ಕೂತು, ಅವರೆಲ್ಲರ ಮುಂದೆ ಹಾದು, ಕ್ಯಾಬಿನ್ನಿಗೆ ಪೂರ್ತಿ ಒಂದು ಸುತ್ತು ಹೊಡೆದು ಮತ್ತೆ ಅಂಗಳಕ್ಕೆ ಬಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಸಲ ನಿಲ್ಲಿಸಲಾಗದೆ ಮುಂದೆ ಹೋದೆನೆಂಬ ಗುಟ್ಟನ್ನು ನಾನು ಇವತ್ತು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಡಬ್ಬದಿಂದ ಒಂದು ತೊಟ್ಟು ಹಿಟ್ಟೂ ಚೆಲ್ಲಿರಲಿಲ್ಲ.

ಅತ್ತಿಗೆ ನಾಲ್ಕು ದೋಸೆ ತಿಂದರು, ಸೈಕಲ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಲ್ಲರೂ ನೀರಿನ ಕಡೆ ಹೋದ ಮೇಲೆ ಸೆರಗಿಗೆ ಕೈ ಒರೆಸುತ್ತ ನನ್ನ ಪಕ್ಕ ಬಂದರು.

"ಗಿರಿಜಾ," ಎಂದರು ಮೆಲ್ಲಗೆ, "ಈ ಸೀಟು ಸ್ವಲ್ಪ ಕೆಳಗಿಳಿಸಕ್ಕೆ ಆಗುತ್ತೇನೇ?"

ಆ ಮೂರು ದಿನ ಅವರ ಸೈಕಲ್ಲಿನ ಹಿಂದೆ ನಾನು ಓಡಿದ್ದೇ ಓಡಿದ್ದು. ವರ್ಷಗಟ್ಟಲೆ ಬಿಟ್ಟುಹೋಗಿದ್ದ ವ್ಯಾಯಾಮವೆಲ್ಲ ವಾಪಸ್ ಬಂತು. ಈ ವಸಂತದಲ್ಲಿ ಅವರು ಕೆಂಪು ಬಣ್ಣದ ಸೈಕಲ್ ಕೊಂಡು, ಅದರ ಫೋಟೋವನ್ನು ನನಗೆ ಹನ್ನೊಂದು ಸಲ ಕಳಿಸಿದ್ದಾರೆ. ಈ ಜುಲೈನಲ್ಲಿ ಅವರು ಲಿವೋನಿಯಾಕ್ಕೇ ಬಂದು ಅದೇ ಸರೋವರದ ದಡಕ್ಕೆ ನಮ್ಮ ಜೊತೆ ಹೊರಡುವವರು, ಸೈಕಲ್ ಸಮೇತ.

ಹಾಗಾಗಿ ಮೊನ್ನೆ ಗ್ಯಾರೇಜಿನಲ್ಲಿ ನಾನು ಕುರ್ಚಿಯಿಂದ ಎದ್ದು ಹೋಗಿ ಪಟ್ಟಿಯನ್ನು ನಮ್ಮವರ ಕೈಯಿಂದ ತೆಗೆದುಕೊಂಡು ಮೊಳೆಗೆ ತೂಗುಹಾಕಿದೆ.

"ಎಸೆಯೋದಲ್ಲ. ಆ ಇನ್ನೊಂದು ಹಳೇ ಟ್ಯೂಬ್ ಎಲ್ಲಿದೆ ನೋಡಿ. ಅದನ್ನೂ ಸೀಳ್ಬೇಕು. ಈ ಸಲ ಮೂರು ಸೈಕಲ್."

ಅವರು ಕಾರಿನ ತಲೆ ನೋಡಿದರು, ಅಲ್ಲಿ ಇನ್ನೊಂದು ರ‍್ಯಾಕಿಗೆ ಜಾಗವಿದೆಯೇ ಎಂದು ಗೇಣು ಹಾಕಿ ಅಳೆದರು. ಆಮೇಲೆ ಅನುಮಾನದಿಂದ ನನ್ನ ಕಡೆ ತಿರುಗಿದರು.

"ಗ್ರೈಂಡರ್?"

"ಅದು ಮನೇಲೇ ಇರುತ್ತೆ," ಎಂದೆ. "ದೋಸೆ ಹಿಟ್ಟು ಡೆವನ್ ಅವೆನ್ಯೂನಲ್ಲಿ ಸಿಗುತ್ತಲ್ಲ."